ಯಾರಿಗಪ್ಪಾ ಈ ಮಾತ್ರೆ?

ಕಳೆದ ವರ್ಷ ಮಾರ್ಚ್ 8ರಂದು ನಮ್ಮ ಊರಿನ ಮಹಿಳಾ ಸಮಾಜದವರು ನನ್ನನ್ನು ಮಾತಾಡಲು ಕರೆದಿದ್ದರು. ಮೂವತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿರುವ ಹೆಂಗಸು, ನಾಲ್ಕು ಹಿತದ ಮಾತು ಹೇಳಿ ಹೋಗಲಿ ಎಂದು ಅವರ ಉದ್ದೇಶ. ರಕ್ತಹೀನತೆ, ಸಕ್ಕರೆ ಕಾಯಿಲೆ, ಮುಟ್ಟು ನಿಲ್ಲುವ ಕಾಲದ ತೊಂದರೆಗಳು, ಇವುಗಳ ಬಗ್ಗೆ ಹೇಳುವಷ್ಟು ಹೊತ್ತು ಎಲ್ಲರೂ ತಲೆದೂಗಿದರು. ಕೊನೆಗೆ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತನ್ನು ಆಡಿಬಿಟ್ಟೆ. ‘ಮೈ ಮಾರಿ ಬದುಕುವ ಗಂಡು ಹುಡುಗರಿದ್ದಾರೆ. ಅವರಿಗೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಇದೆ. ಅದು ಅವರ ಕೈಗೆ ಸಿಗಲಿ ಎಂದು ಹೆಂಗಸರಾದ ನಾವು ಒತ್ತಾಯ ಮಾಡಬೇಕು’ ಎಂದೆ.

ಸಭೆಯಲ್ಲಿ ಸದ್ದೇ ಇಲ್ಲ. ಆಮೇಲೆ ನನಗಿಂತ ಹಿರಿಯರಾದ, ನಾನು ಗೌರವಿಸುವ ಒಬ್ಬ ನಿವೃತ್ತ ಉಪಾಧ್ಯಾಯಿನಿ ಎದ್ದು ನಿಂತರು. ‘ಏನ್ರೀ ಇದು? ನಮ್ಮ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆಯೇ ಸರಿಯಾಗಿ ಸಿಗೋಲ್ಲ. ಆ ಪೋಲಿಗಳ ಚಪಲಕ್ಕೆ ಸರ್ಕಾರ ಮಾತ್ರೆ ಕೊಡಬೇಕೇನ್ರೀ? ಇಂಥ ಮಾತು ಆಡೋಕೆ ನಿಮಗೆ ನಾಚಿಕೆ ಆಗೋಲ್ವೇ?’ ಎಂದರು. ಚಪ್ಪಾಳೆ ಬಿತ್ತು.

ಅಲ್ಲಿ ನನ್ನ ಬಾಯಿಗೆ ಉತ್ತರ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ನಾಚಿಕೆ ಆಗುತ್ತದೆ ಟೀಚರೇ, ಆದರೆ ನೀವು ಹೇಳಿದ ಕಾರಣಕ್ಕಲ್ಲ.

2019ರ ಒಂದು ಸಂಜೆ. ಅಂಗಡಿಯ ಮುಂದೆ ನಾಲ್ಕೈದು ಜನ ಗಿರಾಕಿಗಳಿದ್ದರು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ, ಬಂದವರಿಗೆಲ್ಲ ದಾರಿ ಬಿಟ್ಟುಕೊಡುತ್ತ ಹಿಂದೆಯೇ ನಿಂತಿದ್ದ. ಕೊನೆಗೆ ನಾನೇ ಕರೆದೆ. ಅಂಗಿಯ ಜೇಬಿನಿಂದ ಚೀಟಿ ತೆಗೆದುಕೊಟ್ಟ. ಮೈಸೂರಿನ ವೈದ್ಯರೊಬ್ಬರು ಬರೆದದ್ದು. ಟೆನೊಫೋವಿರ್ ಮತ್ತು ಎಮ್‌ಟ್ರಿಸಿಟಬಿನ್ ಎರಡೂ ಸೇರಿದ ಮಾತ್ರೆ, ದಿನಕ್ಕೊಂದರಂತೆ ಮೂವತ್ತು. ನಾನು ಡಿ.ಫಾರ್ಮ ಓದಿದವಳು. ಹೆಸರು ನೋಡಿದ ಕೂಡಲೇ ಅದು ಏತರ ಔಷಧ ಎಂದು ಗೊತ್ತಾಯಿತು, ಅಥವಾ ಗೊತ್ತಾಯಿತು ಎಂದುಕೊಂಡೆ.

‘ಯಾರಿಗಪ್ಪಾ ಈ ಮಾತ್ರೆ? ಇದು ಏಡ್ಸ್ ಮಾತ್ರೆ ಅಲ್ವಾ? ದುಡ್ಡು ಕೊಟ್ಟು ಯಾಕೆ ತಗೋತೀಯ, ದೊಡ್ಡಾಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ಲ’ ಎಂದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಭಾವನೆ. ನನ್ನ ದನಿ ಸಣ್ಣದಲ್ಲ.

ಹುಡುಗ ಕೌಂಟರಿನ ಹತ್ತಿರ ಬಗ್ಗಿ, ‘ನಂಗೆ ಆ ಕಾಯಿಲೆ ಇಲ್ಲ ಮೇಡಂ. ಬರದೇ ಇರ್ಲಿ ಅಂತ ತಗೊಳ್ಳೋದು’ ಎಂದ.

‘ಬರೋ ಅಂಥದ್ದು ಏನು ಮಾಡ್ತೀಯಪ್ಪ ನೀನು?’

ಪಕ್ಕದಲ್ಲಿದ್ದವರು ಯಾರೋ ನಕ್ಕರು. ಹುಡುಗ ಚೀಟಿ ವಾಪಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದ. ನಾನು ಮುಂದಿನ ಗಿರಾಕಿಗೆ ಕೆಮ್ಮಿನ ಔಷಧಿ ಕೊಟ್ಟೆ.

ಮನೆಗೆ ಹೋದಮೇಲೆ ಅವನ ಮಾತು ಕೊರೆಯತೊಡಗಿತು. ಬರದೇ ಇರಲಿ ಎಂದು ತೆಗೆದುಕೊಳ್ಳುವ ಮಾತ್ರೆ? ಓದಿ ನೋಡಿದೆ. ಹುಡುಗ ಹೇಳಿದ್ದೇ ಸರಿ, ಓದಿದವಳು ಎನ್ನಿಸಿಕೊಂಡ ನಾನೇ ತಪ್ಪು. ಅದಕ್ಕೆ ಪ್ರೆಪ್ ಎಂದು ಹೆಸರು. ಸೋಂಕು ಇರುವವರಿಗೆ ಇತರ ಔಷಧಿಗಳ ಜೊತೆ ಕೊಡುವ ಇದೇ ಮಾತ್ರೆಯನ್ನು, ಸೋಂಕು ಇಲ್ಲದವರು ಮುಂಚಿತವಾಗಿ ತೆಗೆದುಕೊಂಡರೆ ವೈರಸ್ಸು ಮೈಯಲ್ಲಿ ಬೇರೂರಲು ಆಗುವುದಿಲ್ಲ. ಅಮೆರಿಕದಲ್ಲಿ 2012ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಹೆಚ್ಚಿನ ಅಪಾಯದಲ್ಲಿರುವ ಎಲ್ಲರಿಗೂ ಇದನ್ನು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗಲುವ ಸಂಭವ ಸುಮಾರು ನೂರಕ್ಕೆ 99ರಷ್ಟು ಕಡಿಮೆಯಾಗುತ್ತದೆ. ಶುರು ಮಾಡುವ ಮುಂಚೆ ಎಚ್‌ಐವಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಮೂತ್ರಪಿಂಡ ನೋಡಿಸಬೇಕು, ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಯಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಮೊದಲ ಕೆಲವು ವಾರ ಕೆಲವರಿಗೆ ವಾಕರಿಕೆ ಬರುತ್ತದೆ. ಅಷ್ಟೆ. ಜಗತ್ತಿಗೆ ಹೋಗುವ ಇಂಥ ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದು ನಮ್ಮ ದೇಶದ ಕಾರ್ಖಾನೆಗಳಲ್ಲೇ. ನಮ್ಮೂರಿನ ಹುಡುಗನಿಗೆ ಮಾತ್ರ ‘ಯಾರಿಗಪ್ಪಾ’ ಎಂಬ ಪ್ರಶ್ನೆ.

ಈಗ ಸಭೆಯಲ್ಲಿ ಕೇಳಿಬಂದ ಆಕ್ಷೇಪಣೆಗಳಿಗೆ ಬರುತ್ತೇನೆ.

ಮೊದಲನೆಯದು, ಮೈ ಮಾರುವ ಗಂಡಸರು ಅಂತ ಇರುತ್ತಾರೆಯೇ ಎಂಬುದು. ಇದ್ದಾರೆ. ಅನೈತಿಕ ವ್ಯವಹಾರ ತಡೆಯಲೆಂದು 1956ರಲ್ಲಿ ಮಾಡಿದ ಕಾನೂನು ಹೆಂಗಸರು ಮತ್ತು ಹುಡುಗಿಯರ ಬಗ್ಗೆ ಮಾತ್ರ ಮಾತಾಡುತ್ತಿತ್ತು. 1986ರಲ್ಲಿ ತಿದ್ದುಪಡಿಯಾಗಿ ಆ ಜಾಗದಲ್ಲಿ ‘ವ್ಯಕ್ತಿಗಳು’ ಎಂದು ಬಂತು. ಅಂದರೆ ಸರ್ಕಾರಕ್ಕೆ ಗೊತ್ತಾಗಿ ನಲವತ್ತು ವರ್ಷವಾಯಿತು. ನಮಗೆ ಮಾತ್ರ ಗೊತ್ತಿಲ್ಲ. ಮದುವೆ ಛತ್ರದಲ್ಲಿ ನಮ್ಮ ಎಲೆಗೆ ಪಾಯಸ ಬಡಿಸುವವನು, ಹೋಟೆಲಿನಲ್ಲಿ ಟೇಬಲ್ ಒರೆಸುವವನು, ಗಾರೆ ಕೆಲಸಕ್ಕೆಂದು ಊರು ಬಿಟ್ಟು ಬಂದವನು ರಾತ್ರಿ ಬಸ್‌ಸ್ಟ್ಯಾಂಡಿನ ಹಿಂದೆ ನಿಂತರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನನ್ನು ಹುಡುಕಿಕೊಂಡು ಹೋಗುವವರು ಯಾವ ಲೋಕದವರು? ಅವರೂ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಯಾವುದೋ ಮನೆಯಿಂದ ಹೊರಟವರೇ.

ಎರಡನೆಯದು ಚಪಲದ ಮಾತು. ಮಾತ್ರೆ ಕೊಟ್ಟರೆ ಪೋಲಿತನ ಹೆಚ್ಚುತ್ತದೆ ಎಂಬುದು. ಅಕ್ಕಂದಿರೇ, ಈ ಮಾತನ್ನು ಎಲ್ಲೋ ಕೇಳಿದ್ದೀವಲ್ಲ? ಮಾಲಾ-ಡಿ ಬಂದಾಗ ನಮ್ಮ ಬಗ್ಗೆಯೇ ಆಡಿದ ಮಾತಲ್ಲವೇ ಇದು? ಬಸಿರಿನ ಭಯ ಹೋದರೆ ಹೆಂಗಸರು ಕೆಟ್ಟುಹೋಗುತ್ತಾರೆ ಎಂದವರು ಎಷ್ಟು ಜನ! ಮೂರು ಹೆತ್ತು ಸಾಕಾಗಿದ್ದ ನನ್ನ ನಾದಿನಿ ಆ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟು ನುಂಗುತ್ತಿದ್ದಳು. ಒಂದು ದಿನ ನಮ್ಮ ಅತ್ತೆಯ ಕೈಗೆ ಸಿಕ್ಕಿಬಿತ್ತು. ‘ಯಾರಿಗೆ ಈ ಮಾತ್ರೆ?’ ಎಂದು ಅತ್ತೆ ನಡುಮನೆಯಲ್ಲಿ ನಿಂತು ಕೇಳಿದ ದನಿ ನನಗೆ ಇನ್ನೂ ನೆನಪಿದೆ. ಅಂದು ನಾದಿನಿಯ ಪಕ್ಷ ವಹಿಸಿ ಜಗಳವಾಡಿದವಳು ನಾನು. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಅಂಗಡಿಯಲ್ಲಿ ನಿಂತು ಕೇಳಿದವಳೂ ನಾನೇ. ನನಗೆ ನಾಚಿಕೆಯಾಗುವುದು ಇದಕ್ಕೆ.

ಕರೆಂಟು ಕಂಬ ಹತ್ತುವವನಿಗೆ ರಬ್ಬರ್ ಕೈಗವಸು ಕೊಟ್ಟರೆ ಅವನು ಚಪಲಕ್ಕೆ ಕಂಬ ಹತ್ತುತ್ತಾನೆಂದು ಯಾರೂ ಹೇಳುವುದಿಲ್ಲ. ಹತ್ತುವುದು ಹೊಟ್ಟೆಪಾಡಿಗೆ. ಕೈಗವಸು ಕೊಡದಿದ್ದರೆ ಹತ್ತುವುದು ನಿಲ್ಲುವುದಿಲ್ಲ, ಸಾಯುವುದು ಹೆಚ್ಚುತ್ತದೆ.

ಮೂರನೆಯ ಆಕ್ಷೇಪಣೆ ಸ್ವಲ್ಪ ವಿಚಾರವಂತರದು. ನಿರೋಧ್ ಇದೆಯಲ್ಲ, ಅದನ್ನು ಬಳಸಲಿ, ಮಾತ್ರೆ ಏಕೆ? ನಿರೋಧ್ 1968ರಿಂದ ಇದೆ, ನಿಜ. ಬಳಸಲೇಬೇಕು, ಅದೂ ನಿಜ. ಸಿಫಿಲಿಸ್, ಗೊನೋರಿಯಾಗಳನ್ನು ಈ ಮಾತ್ರೆ ತಡೆಯುವುದಿಲ್ಲ, ಅದಕ್ಕೆ ನಿರೋಧೇ ಬೇಕು. ಆದರೆ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಅದು ಬಳಕೆಯಾದದ್ದು ಯಾರ ಇಷ್ಟದ ಮೇಲೆ? ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತು, ರಾತ್ರಿಯ ಅವಘಡಕ್ಕೆ ಮಾತ್ರೆ ಕೇಳುವ ಹೆಂಗಸರನ್ನು ನಾನು ನೋಡಿದ್ದೇನೆ. ಮಂಗಳಸೂತ್ರ ಹಾಕಿಕೊಂಡು, ಸ್ವಂತ ಮನೆಯಲ್ಲಿ, ಸ್ವಂತ ಗಂಡನಿಗೆ ‘ಇವತ್ತು ಬೇಡ’ ಅಥವಾ ‘ಹಾಕಿಕೊಳ್ಳಿ’ ಎಂದು ಹೇಳಲಾಗದವರು ನಾವು. ಹಾಗಿರುವಾಗ ಹೊಟ್ಟೆ ಹಸಿದ ಹುಡುಗ, ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ನಿರೋಧ್ ಬೇಡ ಎನ್ನುವ ಗಿರಾಕಿಗೆ, ಕುಡಿದು ಬಂದು ಕತ್ತು ಹಿಡಿಯುವವನಿಗೆ, ಏನೆಂದು ಹೇಳಬೇಕು? ಜೇಬಿನಲ್ಲಿ ನಿರೋಧ್ ಸಿಕ್ಕಿದ್ದನ್ನೇ ಸಾಕ್ಷಿ ಮಾಡಿ ಠಾಣೆಗೆ ಎಳೆದೊಯ್ಯುವ ಕಾಲವೂ ಇತ್ತು. ಹಾಗೆ ಮಾಡಬಾರದು, ಈ ಕಸುಬಿನವರಿಗೂ ಘನತೆಯಿಂದ ಬಾಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಿನಲ್ಲಿ ಹೇಳಬೇಕಾಯಿತು.

ಈ ಮಾತ್ರೆಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅದಕ್ಕೆ ಎದುರಿನವನ ಅಪ್ಪಣೆ ಬೇಕಿಲ್ಲ. ಬೆಳಿಗ್ಗೆ ಕಾಫಿಯ ಜೊತೆ ನುಂಗಿದರೆ ರಾತ್ರಿ ಯಾರು ಒಪ್ಪಲಿ, ಬಿಡಲಿ, ರಕ್ಷಣೆ ಮೈಯೊಳಗೇ ಇರುತ್ತದೆ. ಅಪಾಯ ಯಾರದೋ ಅವರ ಕೈಯಲ್ಲೇ ರಕ್ಷಣೆಯೂ ಇರಬೇಕು. ಹೆಂಗಸರಿಗಿಂತ ಚೆನ್ನಾಗಿ ಈ ಮಾತಿನ ಬೆಲೆ ಗೊತ್ತಿರುವವರು ಯಾರಿದ್ದಾರೆ?

ನಾಲ್ಕನೆಯದು ಸರ್ಕಾರದ ಹಣದ ಮಾತು. ಕಬ್ಬಿಣದ ಮಾತ್ರೆ ನಮಗೆ ಸಿಗದಿರುವುದು ನಿಜವಾದ ಅನ್ಯಾಯ. ಆದರೆ ಅದನ್ನು ಆ ಹುಡುಗರು ಕಿತ್ತುಕೊಂಡದ್ದಲ್ಲ. ಸೋಂಕು ತಗಲಿದವರಿಗೆ ಸರ್ಕಾರ 2004ರ ಏಪ್ರಿಲ್‌ನಿಂದ ಉಚಿತವಾಗಿ ಔಷಧ ಕೊಡುತ್ತಿದೆ. ಕೊಡಲೇಬೇಕು, ಅದೂ ಜೀವನಪೂರ್ತಿ. ಕಾಯಿಲೆ ಬಂದವನಿಗೆ ನಲವತ್ತು ವರ್ಷ ಕೊಡಲು ಸಿದ್ಧರಿದ್ದು, ಬಾರದಿರುವವನಿಗೆ ಅಪಾಯವಿರುವಷ್ಟು ಕಾಲ ಕೊಡಲು ಲೆಕ್ಕ ಹಾಕುವುದು ಯಾವ ಸಂಸಾರಸ್ಥೆಯ ಲೆಕ್ಕಾಚಾರ? ಅಪಾಯ ಎಲ್ಲಿದೆ ಎಂಬುದೂ ಗುಟ್ಟಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವುದು ನೂರಕ್ಕೆ 0.2ರಷ್ಟು. ಗಂಡಸರೊಡನೆ ಕೂಡುವ ಗಂಡಸರಲ್ಲಿ 2021ರ ಸಮೀಕ್ಷೆಯಂತೆ ನೂರಕ್ಕೆ 3.26. ಅಂದರೆ ಹದಿನೈದು ಪಟ್ಟಿಗೂ ಹೆಚ್ಚು. ಅದೇ ಸಂಸ್ಥೆ 2022ರಲ್ಲಿ ಪ್ರೆಪ್‌ಗೆ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆದರೆ ಅಂಗಡಿಯಲ್ಲಿ ಕೊಂಡರೆ ತಿಂಗಳ ಮಾತ್ರೆಗೆ ಸಾವಿರ ರೂಪಾಯಿ ದಾಟುತ್ತದೆ. ಛತ್ರದಲ್ಲಿ ಬಡಿಸುವವನಿಗೆ ಅದು ಎಷ್ಟು ದಿನದ ಕೂಲಿ, ನೀವೇ ಲೆಕ್ಕ ಹಾಕಿ.

ನನ್ನ ಪರವಾಗಿ ಮಾತಾಡಿದವರೂ ಒಬ್ಬಿಬ್ಬರಿದ್ದರು. ‘ಪಾಪ, ಅವರಿಗೂ ಹೆಂಡತಿ ಮಕ್ಕಳಿರುತ್ತಾರೆ, ಅವರ ಮುಖ ನೋಡಿಯಾದರೂ ಕೊಡಲಿ’ ಎಂದರು. ಮಾತು ಸುಳ್ಳಲ್ಲ. ನಮ್ಮಲ್ಲಿ ಮದುವೆ ಯಾರನ್ನೂ ಬಿಡುವುದಿಲ್ಲ. ಮನಸ್ಸು ಎಲ್ಲಿದ್ದರೂ ಮನೆಯವರು ಹುಡುಗಿ ತಂದು ಕಟ್ಟುತ್ತಾರೆ, ಆ ಹುಡುಗಿಗೆ ತಿಳಿಯದೆಯೇ ಅವಳ ಜೀವ ಪಣಕ್ಕೆ ಬೀಳುತ್ತದೆ. ಆದರೂ ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಣಂತಿಯನ್ನು ಉಳಿಸಿ, ಮಗು ತಬ್ಬಲಿಯಾಗುತ್ತದೆ ಎನ್ನುವವರ ಮಾತಿನಂತೆ ಇದೂ. ಅವಳು ತಾಯಿ ಎಂದಲ್ಲ, ಅವಳೂ ಒಂದು ಜೀವ ಎಂದು ಉಳಿಸಬೇಡವೇ? ಆ ಹುಡುಗನಿಗೆ ಹೆಂಡತಿ ಇಲ್ಲದಿದ್ದರೆ, ಮಕ್ಕಳಾಗದಿದ್ದರೆ, ಅವನು ಸತ್ತರೆ ಅಳುವವರೇ ಇಲ್ಲದಿದ್ದರೆ, ಆಗ ಮಾತ್ರೆ ಬೇಡವೇ?

1986ರಲ್ಲಿ ಮದ್ರಾಸಿನಲ್ಲಿ ಡಾ. ಸುನಿತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಮೊದಲ ಬಾರಿಗೆ ನಮ್ಮ ದೇಶದಲ್ಲಿ ಎಚ್‌ಐವಿಯನ್ನು ಪತ್ತೆಹಚ್ಚಿದ್ದು ಮೈ ಮಾರಿ ಬದುಕುತ್ತಿದ್ದ ಹೆಂಗಸರ ರಕ್ತದಲ್ಲಿ. ಆ ವೈದ್ಯೆಯರು ಮಾಡಿದ್ದು ಉಪಕಾರ. ನಾವು ಮಾಡಿದ್ದು ಆ ಹೆಂಗಸರ ಮೇಲೆ ಬೆರಳು ತೋರಿಸಿದ್ದು, ಕಾಯಿಲೆ ಇರುವುದೇ ಅಂಥವರಲ್ಲಿ ಎಂದು ಬಾಗಿಲು ಹಾಕಿಕೊಂಡದ್ದು. ಆಮೇಲೆ ಕಾಯಿಲೆ ನಮ್ಮ ನಮ್ಮ ಮನೆಗಳಿಗೇ ಬಂತು. ಬೆರಳು ತೋರಿಸಿದ್ದರಿಂದ ಒಂದು ಜೀವವೂ ಉಳಿಯಲಿಲ್ಲ.

ಏನು ಮಾಡಿದರೆ ಉಳಿಯುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನಲ್ಲೇ ಆಶೋದಯ ಸಮಿತಿ ಎಂದಿದೆ. ಈ ಕಸುಬಿನ ಹೆಂಗಸರು, ಗಂಡಸರು, ಲಿಂಗ ಬದಲಿಸಿಕೊಂಡವರು ಸೇರಿ ತಾವೇ ನಡೆಸುವ ಸಂಘ. ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಇವರು, ಕಲ್ಕತ್ತೆಯ ಸೋನಾಗಾಛಿಯ ಹೆಂಗಸರ ಸಂಘದಂತೆಯೇ, ಪ್ರೆಪ್ ಪ್ರಯೋಗ ನಡೆಸಿದರು. ಮೈಸೂರಿನ ಕಡೆ ಆರುನೂರಕ್ಕೂ ಹೆಚ್ಚು ಹೆಂಗಸರು ಮಾತ್ರೆ ತೆಗೆದುಕೊಂಡರು. ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೂ ಉಳಿದರು, ಒಬ್ಬರಿಗೂ ಸೋಂಕು ತಗಲಲಿಲ್ಲ. ಇಂಥ ಹೆಂಗಸರಿಗೆ ದಿನಾ ಮಾತ್ರೆ ನುಂಗುವ ಶಿಸ್ತು ಎಲ್ಲಿಂದ ಬರಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ನೆನಪಿಸುವುದಕ್ಕೆ, ಧೈರ್ಯ ಹೇಳುವುದಕ್ಕೆ ಅವರದೇ ಜೊತೆಯವರಿದ್ದರು. ಅದರಿಂದ ಸಾಧ್ಯವಾಯಿತು.

ಜೊತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. 2010ರಲ್ಲಿ ಫಲಿತಾಂಶ ಹೊರಬಂದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಆರು ದೇಶಗಳಲ್ಲಿ, ಗಂಡಸರೊಡನೆ ಕೂಡುವ ಸುಮಾರು 2,500 ಮಂದಿಯಲ್ಲಿ. ಒಟ್ಟು ಲೆಕ್ಕದಲ್ಲಿ ಸೋಂಕು ಕಡಿಮೆಯಾದದ್ದು ನೂರಕ್ಕೆ 44ರಷ್ಟು ಮಾತ್ರ. ರಕ್ತ ಪರೀಕ್ಷಿಸಿದರೆ, ಬಹಳ ಜನ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡೇ ಇರಲಿಲ್ಲ. ತೆಗೆದುಕೊಂಡವರಿಗೆ ರಕ್ಷಣೆ ಬಹಳ ಹೆಚ್ಚು ಸಿಕ್ಕಿತ್ತು. ಡಬ್ಬಿಯಲ್ಲಿರುವ ಮಾತ್ರೆ ಯಾರನ್ನೂ ಕಾಯುವುದಿಲ್ಲ, ನುಂಗಬೇಕು. ನುಂಗಲು ಏನಡ್ಡಿ ಎನ್ನುತ್ತೀರಾ? ಒಂದು ಕೋಣೆಯಲ್ಲಿ ಆರು ಜನ ಮಲಗುವ ಹುಡುಗ ಆ ಡಬ್ಬಿಯನ್ನು ಎಲ್ಲಿಡಬೇಕು? ತೇವ ತಾಕದಂತೆ ಅದೇ ಡಬ್ಬಿಯಲ್ಲಿಡು ಎಂದು ಹೇಳುವವಳು ನಾನೇ. ಆದರೆ ಅದರ ಮೇಲಿನ ಹೆಸರನ್ನು ಯಾರಾದರೂ ಓದಿದರೆ, ಓದಿದವರೂ ನನ್ನ ಹಾಗೇ ‘ಏಡ್ಸ್ ಮಾತ್ರೆ’ ಎಂದುಬಿಟ್ಟರೆ? ಕಾಯಿಲೆ ಬಾರದಂತೆ ನೋಡಿಕೊಳ್ಳಲು ಹೋಗಿ ಕಾಯಿಲೆಯವನೆಂಬ ಹೆಸರು ಹೊರಬೇಕು. ಎಚ್‌ಐವಿ ಇದ್ದವರನ್ನು ಕೀಳಾಗಿ ಕಂಡರೆ ತಪ್ಪು ಎಂದು 2017ರಲ್ಲಿ ಕಾನೂನೇ ಆಗಿದೆ. ಆ ಕಾನೂನು ನನ್ನ ಅಂಗಡಿಯ ಕೌಂಟರಿಗೆ ಬಂದಿರಲಿಲ್ಲ.

2022ರಲ್ಲಿ ನಮ್ಮ ಬೀದಿಯ ವಿಧವೆಯೊಬ್ಬಳನ್ನು ಜಿಲ್ಲಾ ಕೇಂದ್ರದ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಗಂಡನಿಂದ ಬಂದ ಕಾಯಿಲೆ, ಒಬ್ಬಳೇ ಹೋಗಲು ಹೆದರುತ್ತಿದ್ದಳು. ಅಲ್ಲಿಯ ಬೆಂಚಿನ ಮೇಲೆ ಆ ಹುಡುಗ ಕೂತಿದ್ದ. ಅವನೇ ಎದ್ದು ಬಂದು, ‘ಚೆನ್ನಾಗಿದ್ದೀರಾಮ್ಮಾ? ಅಂಗಡಿ ಹೇಗೆ ನಡೀತಿದೆ?’ ಎಂದು ಕೇಳಿದ. ನಾನು ಏನೂ ಹೇಳಲಾರದೆ ನಿಂತೆ. ನನ್ನ ಅಂಗಡಿಯ ನಂತರ ಇನ್ನೆರಡು ಅಂಗಡಿಗೆ ಹೋಗಿದ್ದನಂತೆ. ಒಬ್ಬರು ಇಲ್ಲ ಎಂದರು, ಇನ್ನೊಬ್ಬರು ತರಿಸಿಕೊಡುತ್ತೇನೆಂದು ಹೆಸರು, ಮನೆ ವಿಳಾಸ ಕೇಳಿದರು. ‘ಆಮೇಲೆ ಬಿಟ್ಟುಬಿಟ್ಟೆ ಅಮ್ಮಾ’ ಎಂದ. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನಿಗೆ ಸೋಂಕು ತಗಲಿದ್ದು ನನ್ನೊಬ್ಬಳ ಮಾತಿನಿಂದ ಎಂದು ನಾನು ಹೇಳುವುದಿಲ್ಲ. ಆದರೆ ಅವನು ತಟ್ಟಿದ ಮೊದಲ ಬಾಗಿಲು ನನ್ನದು.

ಈಗ ಅವನು ಗಟ್ಟಿಯಾಗಿದ್ದಾನೆ. ದಿನಕ್ಕೊಂದು ಮಾತ್ರೆ, ಜೀವನಪೂರ್ತಿ. ಅಂದು ಅವನು ಕೇಳಿದ್ದೂ ದಿನಕ್ಕೊಂದೇ. ಈ ಬರಹದಲ್ಲಿ ಅವನ ವಿಷಯ ಬರೆಯಲೇ ಎಂದು ಕೇಳಿದಾಗ, ‘ಬರೀರಮ್ಮಾ, ಹೆಸರು ಊರು ಬೇಡ’ ಎಂದ.

ಹಾಗಾದರೆ ನಾವೇನು ಮಾಡಬೇಕು? ಬಸ್‌ಸ್ಟ್ಯಾಂಡಿಗೆ ಹೋಗಿ ಯಾರ ಕೈಗೂ ಮಾತ್ರೆ ಕೊಡಿ ಎನ್ನುತ್ತಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಹಾಸ್ಟೆಲಿನಲ್ಲಿ ಯಾವ ಹುಡುಗನ ಪೆಟ್ಟಿಗೆಯಲ್ಲಿ ಇಂಥ ಡಬ್ಬಿ ಸಿಕ್ಕರೂ ನಡುಮನೆಗೆ ತಂದು ಪ್ರಶ್ನೆ ಕೇಳಬೇಡಿ. ಅದು ಕಾಯಿಲೆಯ ಗುರುತಲ್ಲ, ಜೀವದ ಮೇಲಿನ ಆಸೆಯ ಗುರುತು. ನಿಮ್ಮಲ್ಲಿ ನರ್ಸುಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಪಂಚಾಯಿತಿ, ಪುರಸಭೆಯ ಸದಸ್ಯೆಯರಿದ್ದೀರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಾತ್ರೆ ಉಚಿತವಾಗಿ ಸಿಗಲಿ, ಪರೀಕ್ಷೆ ಅಲ್ಲೇ ಆಗಲಿ, ಹೆಸರು ಕೂಗಿ ಕರೆಯದಿರಲಿ ಎಂದು ಅರ್ಜಿ ಕೊಡಿ. ಅನುಮಾನವಿದ್ದವರು 1097ಕ್ಕೆ ಫೋನ್ ಮಾಡಲಿ, ದುಡ್ಡು ಬೀಳುವುದಿಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡೇ ಬಾರಿ ಹಾಕಿಸಿಕೊಳ್ಳುವ ಇಂಜೆಕ್ಷನ್ ಅನ್ನೂ ಶಿಫಾರಸು ಮಾಡಿದೆ. ಡಬ್ಬಿ ಬಚ್ಚಿಡುವ ಕಷ್ಟವೇ ಇಲ್ಲ. ಆದರೆ ಅದು ಬಂದಾಗಲೂ ಸೂಜಿ ಹಿಡಿದವಳು ‘ಯಾರಿಗಪ್ಪಾ ಇದು?’ ಎಂದು ಕೇಳಿದರೆ, ಹುಡುಗ ಚೀಟಿ ಮಡಿಚಿಕೊಂಡು ವಾಪಸು ಹೋಗುತ್ತಾನೆ.

ನನ್ನ ಅಂಗಡಿಯಲ್ಲಿ ಈಗ ಆ ಮಾತ್ರೆ ಇಟ್ಟಿರುತ್ತೇನೆ. ಚೀಟಿ ತಂದವರನ್ನು ಪಕ್ಕಕ್ಕೆ ಕರೆದು, ಮೂರು ತಿಂಗಳ ಪರೀಕ್ಷೆ ಆಯಿತೇ ಎಂದು ಮೆಲ್ಲಗೆ ಕೇಳುತ್ತೇನೆ. ಬೇರೇನೂ ಕೇಳುವುದಿಲ್ಲ. ಡಬ್ಬಿಯನ್ನು ಕಾಗದದ ಚೀಲದಲ್ಲಿ ಹಾಕಿ, ‘ಒಂದು ದಿನಾನೂ ತಪ್ಪಿಸಬೇಡಪ್ಪ’ ಎಂದು ಕೊಡುತ್ತೇನೆ. ಇಲ್ಲಿಯವರೆಗೆ ಮೂವರು ಬಂದಿದ್ದಾರೆ. ಟೀಚರೇ, ಮುಂದಿನ ಮಾರ್ಚ್ 8ಕ್ಕೆ ಕರೆದರೂ ಇದನ್ನೇ ಹೇಳುತ್ತೇನೆ. ಕಬ್ಬಿಣದ ಮಾತ್ರೆಯ ಅರ್ಜಿಗೂ ನನ್ನ ಸಹಿ ಇದೆ. ಎರಡನ್ನೂ ಒಟ್ಟಿಗೇ ಕೊಡೋಣ, ಬನ್ನಿ.